ಜಿಪ್ಸಂ ಬೋರ್ಡ್ ಕೂರಿಸಲು ಯಾವ ಸ್ಕ್ರೂ, ಎಷ್ಟು ಉದ್ದ, ಎಷ್ಟು ದೂರಕ್ಕೆ?

ಫಾಲ್ಸ್ ಸೀಲಿಂಗ್ ಅಥವಾ ಪಾರ್ಟಿಶನ್ ಮಾಡಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಬೋರ್ಡ್ ಯಾವುದು ಅಂತ ಗೊತ್ತಾಯ್ತು, ಸ್ಕ್ರೂ ಯಾವುದು ತಗೊಳ್ಳಲಿ? ಮೊಳೆ ಹೊಡೆದರೆ ಸಾಲದಾ? ಉದ್ದ ಜಾಸ್ತಿ ಇದ್ದರೆ ಒಳ್ಳೆಯದಲ್ವಾ?" ಎಲ್ಲಕ್ಕೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಅವಸರದಲ್ಲಿರುವವರಿಗೆ ಮೊದಲು ಚಿಕ್ಕ ಉತ್ತರ. 12.5 ಮಿ.ಮೀ. ದಪ್ಪದ ಬೋರ್ಡನ್ನು ಜಿಐ ಚಾನೆಲ್‌ಗೆ (ತೆಳು ಉಕ್ಕಿನ ಪಟ್ಟಿಗೆ) ಒಂದೇ ಪದರ ಹಾಕುವುದಾದರೆ 25 ಮಿ.ಮೀ. ಉದ್ದದ, ಒತ್ತಾದ ಥ್ರೆಡ್ಡಿನ ಡ್ರೈವಾಲ್ ಸ್ಕ್ರೂ, ಅಂದರೆ ಜಿಪ್ಸಂ ಬೋರ್ಡಿಗೆಂದೇ ಮಾಡಿದ ಸ್ಕ್ರೂ ತನ್ನಿ. ನಮ್ಮ ಕಡೆಯ ಹೆಚ್ಚಿನ ಮನೆಗಳಿಗೆ ಇದೇ ಸರಿ. ಆದರೆ ಬೋರ್ಡಿನ ಹಿಂದೆ ಮರ ಇದ್ದರೆ, ಬಚ್ಚಲುಮನೆ ಆಗಿದ್ದರೆ, ಎರಡು ಪದರ ಹಾಕುವುದಿದ್ದರೆ ಉತ್ತರ ಬದಲಾಗುತ್ತದೆ.

ಶುರು ಮಾಡುವ ಮುಂಚೆ ಒಂದು ವಿಷಯ ಮನಸ್ಸಿನಲ್ಲಿರಲಿ. ಜಿಪ್ಸಂ ಬೋರ್ಡಿನ ಒಳಗಿರುವುದು ಸೀಮೆಸುಣ್ಣದ ಹಾಗೆ ಪುಡಿಯಾಗುವ ವಸ್ತು. ಅದಕ್ಕೆ ಬಲ ಕೊಡುವುದು ಎರಡೂ ಬದಿಗೆ ಅಂಟಿಸಿದ ದಪ್ಪ ಕಾಗದ. ಸ್ಕ್ರೂವಿನ ತಲೆ ಆ ಕಾಗದವನ್ನು ಒತ್ತಿ ಹಿಡಿದಿದ್ದರೆ ಬೋರ್ಡ್ ನಿಲ್ಲುತ್ತದೆ. ಕಾಗದ ಹರಿದರೆ ಆ ಸ್ಕ್ರೂ ಇದ್ದೂ ಇಲ್ಲದ ಹಾಗೆ. ಸ್ಕ್ರೂ ಆಯ್ಕೆ ಮಾಡುವಾಗಲೂ ಹೊಡೆಯುವಾಗಲೂ ನೋಡಬೇಕಾದದ್ದು ಇದನ್ನೇ.

ಏನೇನು ಬೇಕು

ಅಳತೆ ಟೇಪು, ಪೆನ್ಸಿಲ್, ದಾರ. ಸ್ಕ್ರೂ ಹೊಡೆಯಲು ಡ್ರಿಲ್ ಅಥವಾ ಸ್ಕ್ರೂಗನ್. ಪಿಎಚ್2 ಬಿಟ್ ನಾಲ್ಕೈದು ಇರಲಿ, ಸವೆದ ಬಿಟ್ಟಿನಿಂದ ಕೆಲಸ ಕೆಡುತ್ತದೆ. ಸಿಕ್ಕಿದರೆ ಡಿಂಪ್ಲರ್ ಬಿಟ್ ತನ್ನಿ. ತುದಿಗೆ ಚಿಕ್ಕ ಬಟ್ಟಲಿನಂಥ ಬಳೆ ಇರುವ ಈ ಬಿಟ್ಟು ಸ್ಕ್ರೂ ಬೇಕಾದಷ್ಟೇ ಆಳಕ್ಕೆ ಹೋದ ಮೇಲೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಸ್ಲ್ಯಾಬ್ ಕೊರೆಯಲು ಹ್ಯಾಮರ್ ಡ್ರಿಲ್, ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್. ಸೀಲಿಂಗ್ ಆದರೆ ಇನ್ನೊಬ್ಬರು ಬೇಕೇ ಬೇಕು. 6×4 ಅಡಿಯ 12.5 ಮಿ.ಮೀ. ಬೋರ್ಡ್ ಸುಮಾರು 18 ಕೆಜಿ ತೂಗುತ್ತದೆ. ಒಬ್ಬರೇ ತಲೆಯ ಮೇಲೆ ಹೊತ್ತು ಸ್ಕ್ರೂ ಹೊಡೆಯಲು ಹೋಗಬೇಡಿ.

ಹಂತ 1: ಬೋರ್ಡಿನ ಹಿಂದೆ ಏನಿದೆ ನೋಡಿ

ಸ್ಕ್ರೂ ಕಚ್ಚಿಕೊಳ್ಳುವುದು ಹಿಂದಿನ ಚೌಕಟ್ಟಿಗೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಚೌಕಟ್ಟು ಯಾವುದು ಅಂತ ಖಚಿತ ಮಾಡಿಕೊಳ್ಳಿ.

ನಮ್ಮಲ್ಲಿ ಸಾಮಾನ್ಯವಾಗಿ ಇರುವುದು ಜಿಐ ಚಾನೆಲ್, ಅಂದರೆ ಸತು ಲೇಪಿಸಿದ ತೆಳು ಉಕ್ಕಿನ ಪಟ್ಟಿ. ಸೀಲಿಂಗಿಗೆ ಬಳಸುವ ಪಟ್ಟಿ ಸಾಮಾನ್ಯವಾಗಿ 0.55 ಮಿ.ಮೀ. ದಪ್ಪ. ಇದಕ್ಕೆ ಸಾಮಾನ್ಯ ಚೂಪು ತುದಿಯ ಸ್ಕ್ರೂ ಸಾಕು, ಅದೇ ತೂತು ಮಾಡಿಕೊಂಡು ಒಳಗೆ ಹೋಗುತ್ತದೆ. ಉಕ್ಕು 0.8 ಮಿ.ಮೀ.ಗಿಂತ ದಪ್ಪವಾದರೆ ಚೂಪು ತುದಿ ಜಾರುತ್ತದೆ, ಬಿಸಿಯಾಗಿ ಮೊಂಡಾಗುತ್ತದೆ. ಆಗ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ತನ್ನಿ. ತುದಿಯಲ್ಲೇ ಪುಟ್ಟ ಡ್ರಿಲ್ ಬಿಟ್ ಇರುವ ಸ್ಕ್ರೂ ಅದು. ಬಾಗಿಲು ಕೂರಿಸುವ ಕಡೆ ದಪ್ಪ ಸ್ಟಡ್ (ಪಾರ್ಟಿಶನ್ನಿನೊಳಗೆ ನಿಲ್ಲಿಸುವ ಪಟ್ಟಿ) ಅಥವಾ ಬಾಕ್ಸ್ ಪೈಪ್ ಹಾಕಿರುತ್ತಾರೆ, ಅಲ್ಲಿ ಇದು ಬೇಕಾಗುತ್ತದೆ.

ಮರದ ರೀಪರಿಗೆ ಹಾಕುವವರೂ ಇದ್ದಾರೆ. ಹಳೆಯ ಮನೆಗಳಲ್ಲಿ ಮರವೇ ಹೆಚ್ಚು. ಇಲ್ಲಿ ಗಮನಿಸಬೇಕಾದದ್ದು ಮರ ಒಣಗಿದೆಯಾ ಅನ್ನುವುದು. ಹಸಿ ಸಿಲ್ವರ್ ಓಕ್ ಅಗ್ಗಕ್ಕೆ ಸಿಕ್ಕಿತು ಅಂತ ತಂದು ಬೋರ್ಡ್ ಹೊಡೆದರೆ, ಮರ ಒಣಗಿ ಕುಗ್ಗಿದಾಗ ಸ್ಕ್ರೂವಿನ ತಲೆ ಪುಟ್ಟಿಯನ್ನು ತಳ್ಳಿಕೊಂಡು ಗುಳ್ಳೆಯ ಹಾಗೆ ಹೊರಗೆ ಬರುತ್ತದೆ. ಮೊಳೆ ಹೊಡೆದಿದ್ದರಂತೂ ಇದು ಇನ್ನೂ ಜಾಸ್ತಿ. ತೇಗ, ಹೊನ್ನೆಯಂಥ ಗಟ್ಟಿ ಮರ ಆದರೆ ಮೊದಲು 2 ಮಿ.ಮೀ. ಬಿಟ್ಟಿನಲ್ಲಿ ತೂತು ಹಾಕಿಕೊಳ್ಳಿ. ಇಲ್ಲದಿದ್ದರೆ ಸ್ಕ್ರೂವಿನ ಕತ್ತು ಮುರಿಯುತ್ತದೆ.

ಹಂತ 2: ಉದ್ದ ಲೆಕ್ಕ ಹಾಕಿ

ಲೆಕ್ಕ ಸುಲಭ. ಲೋಹದ ಚೌಕಟ್ಟಾದರೆ ಬೋರ್ಡಿನ ದಪ್ಪಕ್ಕೆ ಕನಿಷ್ಠ 10 ಮಿ.ಮೀ. ಸೇರಿಸಿ. 12.5ಕ್ಕೆ 10 ಕೂಡಿದರೆ 22.5. ಅಂಗಡಿಯಲ್ಲಿ ಸಿಗುವ ಹತ್ತಿರದ ಅಳತೆ 25. ಎರಡು ಪದರ ಹಾಕುವುದಾದರೆ ಮೊದಲ ಪದರಕ್ಕೆ 25, ಎರಡನೆಯದಕ್ಕೆ 35 ಅಥವಾ 38 ಮಿ.ಮೀ. ಮೊದಲ ಪದರದ ಸ್ಕ್ರೂಗಳೇ ಸಾಕು ಅಂತ ಎರಡನೆಯದನ್ನು ಅದರ ಮೇಲೆ ಬರೀ ಅಂಟಿಸಬೇಡಿ. ಹೊರಗಿನ ಪದರದ ಸ್ಕ್ರೂ ಎರಡೂ ಬೋರ್ಡ್ ದಾಟಿ ಚಾನೆಲ್‌ಗೇ ಹೋಗಬೇಕು.

ಮರವಾದರೆ ಹಿಡಿತಕ್ಕೆ ಇನ್ನೂ ಆಳ ಬೇಕು. 12.5 ಮಿ.ಮೀ. ಬೋರ್ಡಿಗೆ 32ರಿಂದ 38 ಮಿ.ಮೀ. ಸ್ಕ್ರೂ ತನ್ನಿ. ಸೀಲಿಂಗಿಗೆ 38 ಇರಲಿ.

ಇಲ್ಲಿ ತುಂಬಾ ಜನ ಎಡವುತ್ತಾರೆ. "ಇರಲಿ, ಗಟ್ಟಿಯಾಗಿರುತ್ತೆ" ಅಂತ ಲೋಹದ ಚಾನೆಲ್‌ಗೂ 38 ತರುತ್ತಾರೆ. ಅರ್ಧ ಮಿಲಿಮೀಟರ್ ದಪ್ಪದ ತಗಡನ್ನು 25ರ ಸ್ಕ್ರೂ ಎಷ್ಟು ಕಚ್ಚುತ್ತದೋ 38ರದ್ದೂ ಅಷ್ಟೇ ಕಚ್ಚುತ್ತದೆ. ಉಳಿದ ಉದ್ದವೆಲ್ಲ ಒಳಗಿನ ಖಾಲಿ ಜಾಗಕ್ಕೆ ಚಾಚಿಕೊಳ್ಳುತ್ತದೆ. ಆ ಜಾಗದಲ್ಲಿ ಏನಿದೆ ನೋಡಿ. 50 ಮಿ.ಮೀ. ಸ್ಟಡ್ಡಿನ ನಡುವಿನ ತೂತಿನಲ್ಲಿ 25 ಮಿ.ಮೀ.ನ ವೈರಿಂಗ್ ಪೈಪ್ ಹಾದುಹೋಗಿದ್ದರೆ, ಪೈಪಿನ ಮೈ ಇರುವುದು ಬೋರ್ಡಿನ ಹಿಂಬದಿಯಿಂದ ಬರೀ 12.5 ಮಿ.ಮೀ. ದೂರದಲ್ಲಿ. 38ರ ಸ್ಕ್ರೂ 25 ಮಿ.ಮೀ. ಒಳಗೆ ಹೋಗುತ್ತದೆ, ಅಂದರೆ ನೇರ ಪೈಪಿನ ನಡುಮಧ್ಯಕ್ಕೆ. 25ರ ಸ್ಕ್ರೂವೂ ಸ್ವಲ್ಪದರಲ್ಲೇ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಪೈಪು ಸ್ಟಡ್ಡನ್ನು ಅಡ್ಡ ದಾಟುವ ಜಾಗದ ಎತ್ತರವನ್ನು ನೆಲದ ಮೇಲೋ ಸ್ಟಡ್ಡಿನ ಮೇಲ್ತುದಿಯಲ್ಲೋ ಬರೆದಿಟ್ಟುಕೊಂಡು, ಆ ಜಾಗ ಬಿಟ್ಟು ಸ್ಕ್ರೂ ಹೊಡೆಯಿರಿ. ಕೆಲಸ ಮಾಡುವಾಗ ಆ ಭಾಗದ ಎಂಸಿಬಿ ಆಫ್ ಇರಲಿ.

ಹಂತ 3: ಥ್ರೆಡ್, ತಲೆ, ಗುಣಮಟ್ಟ

ಥ್ರೆಡ್ ಅಂದರೆ ಸ್ಕ್ರೂವಿನ ಮೈಮೇಲಿನ ಸುತ್ತು. ಸುತ್ತುಗಳು ಒತ್ತೊತ್ತಾಗಿದ್ದರೆ ಫೈನ್ ಥ್ರೆಡ್, ಅದು ಲೋಹಕ್ಕೆ. ದೂರದೂರ ಇದ್ದರೆ ಕೋರ್ಸ್ ಥ್ರೆಡ್, ಅದು ಮರಕ್ಕೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಕೋರ್ಸ್ ಥ್ರೆಡ್ ಸ್ಕ್ರೂವನ್ನು ತೆಳು ತಗಡಿಗೆ ಹಾಕಿದರೆ ತೂತು ದೊಡ್ಡದಾಗಿ ಸ್ಕ್ರೂ ಸುಮ್ನೆ ತಿರುಗುತ್ತಲೇ ಇರುತ್ತದೆ, ಬಿಗಿಯಾಗುವುದೇ ಇಲ್ಲ.

ತಲೆ ಕಹಳೆಯ ಬಾಯಿಯ ಆಕಾರದಲ್ಲಿ ಬಾಗಿಕೊಂಡು ಅಗಲವಾಗಿರಬೇಕು. ಇದನ್ನು ಬ್ಯೂಗಲ್ ಹೆಡ್ ಅನ್ನುತ್ತಾರೆ. ಬಾಗಿದ ಅಂಚು ಕಾಗದವನ್ನು ಕತ್ತರಿಸದೆ ಒಳಕ್ಕೆ ಒತ್ತುತ್ತದೆ. ಬಡಗಿ ಬಳಸುವ ಮಾಮೂಲಿ ಸಿಎಸ್‌ಕೆ (ಕೌಂಟರ್‌ಸಂಕ್) ಸ್ಕ್ರೂವಿನ ತಲೆಗೆ ಚೂಪಾದ ಇಳಿಜಾರು ಇರುತ್ತದೆ, ಅದು ಕಾಗದವನ್ನು ಕೊಯ್ದು ಒಳಗೆ ಇಳಿಯುತ್ತದೆ. ಮನೆಯಲ್ಲಿ ಮಿಕ್ಕಿದ್ದು ಇದೆ ಅಂತ ಅದನ್ನು ಬಳಸಬೇಡಿ.

ದಪ್ಪ 3.5 ಮಿ.ಮೀ. ಇರಲಿ. ಅಂಗಡಿಯವರು ಇದನ್ನು 6 ನಂಬರ್ ಅನ್ನುತ್ತಾರೆ. ಡಬ್ಬಿ ತೆಗೆಸಿ ನಾಲ್ಕು ಸ್ಕ್ರೂ ಕೈಗೆ ತಗೊಳ್ಳಿ. ತುದಿಗಳು ಚೂಪಾಗಿವೆಯಾ, ತಲೆಯ ಕೂಡುಗೆರೆಯ ತಗ್ಗು ಆಳವಾಗಿದೆಯಾ ನೋಡಿ. ನಿಮ್ಮ ಬಿಟ್ಟನ್ನು ಜೊತೆಗೆ ಒಯ್ದು ತಲೆಯೊಳಗೆ ಕೂರಿಸಿ ಅಲ್ಲಾಡಿಸಿ. ಬಿಟ್ಟು ಬಿಗಿಯಾಗಿ ಕೂರದೆ ಗಡಗಡ ಅಂದರೆ ಆ ಡಬ್ಬಿ ಬೇಡ, ಮೇಲೆ ಹತ್ತಿ ಕೆಲಸ ಮಾಡುವಾಗ ಬಿಟ್ಟು ಜಾರಿ ಬೋರ್ಡಿಗೆ ತೂತಾಗುತ್ತದೆ. ಚಾನೆಲ್ಲಿನ ಒಂದು ಅಡಿ ತುಂಡನ್ನೂ ಒಯ್ಯಿರಿ. ಒಳ್ಳೆಯ ಅಂಗಡಿಯವರು ಅಲ್ಲೇ ಒಂದು ಸ್ಕ್ರೂ ಹಾಕಿ ತೋರಿಸುತ್ತಾರೆ.

ಹಂತ 4: ತುಕ್ಕಿನ ಲೆಕ್ಕ

ಮಾಮೂಲಿ ಡ್ರೈವಾಲ್ ಸ್ಕ್ರೂವಿನ ಕಪ್ಪು ಬಣ್ಣ ಫಾಸ್ಫೇಟ್ ಲೇಪನದ್ದು. ಒಣ ಕೋಣೆಯಲ್ಲಿ ಇದು ಸಾಕು, ತೇವ ಇದ್ದರೆ ತಡೆಯುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಕಡೆ, ಮಳೆಗಾಲವಿಡೀ ಗೋಡೆ ಬೆವರುವ ಮಲೆನಾಡಿನಲ್ಲಿ, ಎಲ್ಲೇ ಆದರೂ ಬಚ್ಚಲು ಮತ್ತು ಅಡುಗೆಮನೆಯಲ್ಲಿ ಸತು ಲೇಪಿಸಿದ ಸ್ಕ್ರೂ ಬಳಸಿ. ಸಮುದ್ರದ ಪಕ್ಕದಲ್ಲೇ ಇದ್ದರೆ ಸ್ಟೇನ್‌ಲೆಸ್ ಸ್ಟೀಲ್ ಕೇಳಿ, ಬೆಲೆ ಜಾಸ್ತಿ ಆದರೂ ಸರಿ. ಇಲ್ಲದಿದ್ದರೆ ಬಿಳಿ ಸೀಲಿಂಗಿನಲ್ಲಿ ಸಾಲಾಗಿ ಕಂದು ಚುಕ್ಕೆ ಮೂಡುತ್ತವೆ. ಮೇಲೆ ಎಷ್ಟು ಸಲ ಬಣ್ಣ ಹೊಡೆದರೂ ಮತ್ತೆ ಹೊರಗೆ ಬರುತ್ತವೆ.

ಬಚ್ಚಲಿನಲ್ಲಿ ಬೋರ್ಡೂ ತೇವ ತಡೆಯುವ ಹಸಿರು ಕಾಗದದ್ದೇ ಆಗಿರಬೇಕು. ನೀರು ನೇರ ಬೀಳುವ ಜಾಗದಲ್ಲಿ ಅದೂ ಬೇಡ, ಸಿಮೆಂಟ್ ಬೋರ್ಡ್ ಹಾಕಿ. ಅದಕ್ಕೆ ಅದರದೇ ಸ್ಕ್ರೂ ಇದೆ. ತಲೆಯ ಅಡಿಯಲ್ಲಿ ಸಣ್ಣ ಹಲ್ಲುಗಳಿದ್ದು, ಗಟ್ಟಿ ಬೋರ್ಡನ್ನು ಕೊರೆದು ತಾನೇ ತಗ್ಗು ಮಾಡಿಕೊಂಡು ಕೂರುತ್ತದೆ. ಬ್ಯೂಗಲ್ ಹೆಡ್ ಅಲ್ಲಿ ಮೇಲೆಯೇ ಉಳಿದುಬಿಡುತ್ತದೆ.

ಹಂತ 5: ಚೌಕಟ್ಟನ್ನು ಮನೆಗೆ ಹಿಡಿಸುವುದು

ಬೋರ್ಡಿನ ಸ್ಕ್ರೂ ಬಗ್ಗೆ ಎಲ್ಲರೂ ಕೇಳುತ್ತಾರೆ, ಇದರ ಬಗ್ಗೆ ಕೇಳುವವರು ಕಡಿಮೆ. ಆದರೆ ಸೀಲಿಂಗ್ ಪೂರ್ತಿ ಕಳಚಿ ಬೀಳುವ ಅಪಾಯ ಇರುವುದು ಇಲ್ಲೇ.

ಗೋಡೆಯ ಸುತ್ತ ಹಾಕುವ ಪೆರಿಮೀಟರ್ ಚಾನೆಲ್‌ಗೆ ನೈಲಾನ್ ಪ್ಲಗ್ ಮತ್ತು ಸ್ಕ್ರೂ ಸಾಕು, 610 ಮಿ.ಮೀ.ಗೆ ಒಂದರಂತೆ. ಪ್ಲಗ್ ಗಾರೆಯನ್ನು ದಾಟಿ ಇಟ್ಟಿಗೆಯೊಳಗೆ ಹೋಗಬೇಕು. ಗಾರೆಯೇ 12ರಿಂದ 15 ಮಿ.ಮೀ. ಇರುತ್ತದೆ, ಚಿಕ್ಕ ಪ್ಲಗ್ ಅದರಲ್ಲೇ ಕೂತರೆ ಗಾರೆಯ ಸಮೇತ ಕಿತ್ತು ಬರುತ್ತದೆ. ಎಎಸಿ ಬ್ಲಾಕ್, ಅಂದರೆ ಹಗುರದ ಬಿಳಿ ಬ್ಲಾಕಿನ ಗೋಡೆಗೆ ಅದಕ್ಕೆಂದೇ ಮಾಡಿದ ಪ್ಲಗ್ ಕೇಳಿ. ಕರಾವಳಿಯ ಕೆಂಪು ಕಲ್ಲಿನ ಗೋಡೆಯಲ್ಲಿ ಹ್ಯಾಮರ್ ಮೋಡ್ ಆಫ್ ಮಾಡಿ ಕೊರೆಯಿರಿ. ಇಲ್ಲದಿದ್ದರೆ ಕಲ್ಲು ಉದುರಿ ತೂತು ಅಗಲವಾಗುತ್ತದೆ.

ಮೇಲಿನ ಸ್ಲ್ಯಾಬಿಗೆ ಮಾತ್ರ ಪ್ಲಾಸ್ಟಿಕ್ ಪ್ಲಗ್ ಬೇಡವೇ ಬೇಡ. ಅಲ್ಲಿ ಭಾರ ಹಗಲು ರಾತ್ರಿ ನೇರ ಕೆಳಕ್ಕೆ ಎಳೆಯುತ್ತಿರುತ್ತದೆ. ಬೆಂಕಿ ಬಿದ್ದರೆ ಪ್ಲಾಸ್ಟಿಕ್ ಮೊದಲು ಕರಗುತ್ತದೆ. ಸ್ಟೀಲ್ ಎಕ್ಸ್‌ಪ್ಯಾನ್ಶನ್ ಫಾಸ್ಟನರ್ ಹಾಕಿ. ಬೋಲ್ಟ್ ಬಿಗಿದಂತೆ ಹೊರಗಿನ ಕವಚ ಅರಳಿ ಕಾಂಕ್ರೀಟನ್ನು ಒತ್ತಿ ಹಿಡಿಯುವ ಫಾಸ್ಟನರ್ ಇದು. ಸೀಲಿಂಗ್ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು 12.5 ಮಿ.ಮೀ. ಕವಚ, 6 ಮಿ.ಮೀ. ಬೋಲ್ಟಿನದ್ದು. ಇದರಿಂದ ಕ್ಲೀಟ್ (ಬಾಗಿಸಿದ ಚಿಕ್ಕ ಉಕ್ಕಿನ ತುಂಡು) ಹಿಡಿಸಿ, ಕ್ಲೀಟಿಗೆ ಸೀಲಿಂಗ್ ಆ್ಯಂಗಲ್ (ಚೌಕಟ್ಟನ್ನು ತೂಗುವ ಪಟ್ಟಿ) ಇಳಿಬಿಟ್ಟು, ಅದಕ್ಕೆ 1220 ಮಿ.ಮೀ. ಅಂತರದಲ್ಲಿ ಇಂಟರ್‌ಮೀಡಿಯೇಟ್ ಚಾನೆಲ್, ಆ ಚಾನೆಲ್‌ಗೆ ಅಡ್ಡಲಾಗಿ 457 ಮಿ.ಮೀ. ಅಂತರದಲ್ಲಿ ಬೋರ್ಡ್ ಕೂರುವ ಪಟ್ಟಿ, ಅಂದರೆ ಸೀಲಿಂಗ್ ಸೆಕ್ಷನ್ ಹಾಕುವುದು ವಾಡಿಕೆ.

ಕೊರೆದ ತೂತಿನ ಪುಡಿಯನ್ನು ಊದಿ ತೆಗೆಯಿರಿ. ಫಾಸ್ಟನರ್ ಹಿಡಿಯುವುದು ಘರ್ಷಣೆಯಿಂದ, ಪುಡಿ ಇದ್ದರೆ ಅದು ಜಾರುತ್ತದೆ. ಬಿಗಿದ ಮೇಲೆ ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದು ನೋಡಿ. ಕೊರೆಯುವಾಗ ಕಂಬಿ ತಾಗಿದರೆ ಅದನ್ನು ಕತ್ತರಿಸಿಕೊಂಡು ಮುಂದೆ ಹೋಗಬೇಡಿ, ತೂತನ್ನು ಪಕ್ಕಕ್ಕೆ ಸರಿಸಿ. ಫ್ಯಾನ್ ಬಾಕ್ಸಿನಿಂದ ಗೋಡೆಯ ಕಡೆ ಸ್ಲ್ಯಾಬಿನೊಳಗೆ ವೈರಿಂಗ್ ಪೈಪ್ ಹೋಗಿರುತ್ತದೆ, ಆ ದಾರಿ ಬಿಟ್ಟು ಕೊರೆಯಿರಿ.

ಎರಡು ಕಡೆ ವಿಶೇಷ ಎಚ್ಚರಿಕೆ ಬೇಕು. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಕೆಲವಕ್ಕೆ ಪೋಸ್ಟ್ ಟೆನ್ಶನ್ ಸ್ಲ್ಯಾಬ್ ಇರುತ್ತದೆ. ಅದರೊಳಗೆ ಬಿಗಿಯಾಗಿ ಎಳೆದ ಉಕ್ಕಿನ ಹಗ್ಗಗಳಿರುತ್ತವೆ. ಬಿಲ್ಡರ್ ಅಥವಾ ಅಸೋಸಿಯೇಶನ್ ಹತ್ತಿರ ಕೇಳಿ, ನಕ್ಷೆ ನೋಡದೆ ಒಂದು ತೂತೂ ಕೊರೆಯಬೇಡಿ. ಇನ್ನೊಂದು, ಬೆಂಗಳೂರು, ಮೈಸೂರಿನ ಹಳೆಯ ಮನೆಗಳ ಮದ್ರಾಸ್ ತಾರಸಿ. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ಚಾವಣಿ ಅದು. ಅಲ್ಲಿ ಇಟ್ಟಿಗೆಗೆ ಎಕ್ಸ್‌ಪ್ಯಾನ್ಶನ್ ಫಾಸ್ಟನರ್ ಹಾಕಿದರೆ ಸುಣ್ಣದ ಗಾರೆ ಬಿಡುತ್ತದೆ. ತೊಲೆ ಗಟ್ಟಿಯಾಗಿದೆಯಾ, ಹುಳು ತಿಂದಿದೆಯಾ ನೋಡಿ, ತೊಲೆಗೇ ಮರದ ಸ್ಕ್ರೂವಿನಿಂದ ಹಿಡಿಸಿ.

ಹಂತ 6: ಎಷ್ಟು ಸ್ಕ್ರೂ, ಎಲ್ಲೆಲ್ಲಿ

ಸೀಲಿಂಗಿಗೆ 230 ಮಿ.ಮೀ.ಗೆ ಒಂದು, ಗೋಡೆಗೆ 300 ಮಿ.ಮೀ.ಗೆ ಒಂದು. ಹೊರಮೂಲೆಗಳಲ್ಲಿ 200ಕ್ಕೆ ಇಳಿಸಿ. ಬೋರ್ಡಿನ ಕಾಗದ ಸುತ್ತಿದ ಅಂಚಿನಿಂದ ಕನಿಷ್ಠ 10 ಮಿ.ಮೀ., ನೀವು ಕತ್ತರಿಸಿದ ಅಂಚಿನಿಂದ 15 ಮಿ.ಮೀ. ಒಳಗೆ ಇರಲಿ. ಇದಕ್ಕಿಂತ ಅಂಚಿಗೆ ಹೋದರೆ ಬೋರ್ಡಿನ ಮೂಲೆ ಒಡೆದು ಉದುರುತ್ತದೆ.

6×4 ಅಡಿ ಬೋರ್ಡ್ 457 ಮಿ.ಮೀ. ಅಂತರದ ಐದು ಸೆಕ್ಷನ್‌ಗಳ ಮೇಲೆ ಕೂರುತ್ತದೆ. ಒಂದೊಂದರ ಮೇಲೆ ಏಳು ಸ್ಕ್ರೂ, ಒಟ್ಟು 35. 10×12 ಅಡಿ ಕೋಣೆಗೆ ಐದು ಬೋರ್ಡ್, ಅಂದರೆ 175 ಸ್ಕ್ರೂ. ಬಿದ್ದದ್ದು, ಕೆಟ್ಟದ್ದು ಸೇರಿ 200 ತಂದಿಡಿ. ಗುತ್ತಿಗೆಗೆ ಕೊಟ್ಟವರೂ ಈ ಲೆಕ್ಕ ತಿಳಿದಿರಿ. ಪುಟ್ಟಿ ಹಚ್ಚುವ ಮೊದಲು ಯಾವುದಾದರೂ ಒಂದು ಬೋರ್ಡಿನ ಸ್ಕ್ರೂ ಎಣಿಸಿ ನೋಡಿ. ಇಪ್ಪತ್ತೇ ಇದ್ದರೆ ಉಳಿದದ್ದನ್ನು ಹೊಡೆಸಿದ ಮೇಲೆಯೇ ಪುಟ್ಟಿಗೆ ಒಪ್ಪಿಗೆ ಕೊಡಿ.

ಅಮೆರಿಕದಲ್ಲಿದ್ದು ಬೇಸ್‌ಮೆಂಟ್ ಮಾಡಿಕೊಳ್ಳುವ ಕನ್ನಡಿಗರೂ ಇದೇ ಕೇಳುತ್ತಾರೆ. ಅಲ್ಲಿನ ಮನೆಗಳಲ್ಲಿ ಸಾಮಾನ್ಯವಾಗಿ 16 ಇಂಚಿಗೊಂದು ಮರದ ಸ್ಟಡ್ ಇರುತ್ತದೆ. ಅರ್ಧ ಇಂಚಿನ ಬೋರ್ಡಿಗೆ ಒಂದೂಕಾಲು ಇಂಚಿನ ಕೋರ್ಸ್ ಥ್ರೆಡ್ ಸ್ಕ್ರೂ, ಸೀಲಿಂಗಿನಲ್ಲಿ 12 ಇಂಚಿಗೆ, ಗೋಡೆಯಲ್ಲಿ 16 ಇಂಚಿಗೆ ಒಂದು. ಹಲವು ಕಡೆ ಬೋರ್ಡುಗಳ ಸಂದಿಗೆ ಟೇಪ್ ಹಚ್ಚುವ ಮೊದಲು ಇನ್ಸ್‌ಪೆಕ್ಷನ್ ಆಗಬೇಕು. ನಿಮ್ಮ ಊರಿನ ನಿಯಮ ಮೊದಲೇ ಕೇಳಿಕೊಳ್ಳಿ.

ಹಂತ 7: ಸ್ಕ್ರೂ ಹೊಡೆಯುವುದು

ಬೋರ್ಡನ್ನು ಅಂಗೈಯಿಂದ ಚೌಕಟ್ಟಿಗೆ ಒತ್ತಿ ಹಿಡಿದ ಮೇಲೆ ಸ್ಕ್ರೂ ಹಾಕಿ. ಸ್ಕ್ರೂವೇ ಎಳೆದುಕೊಳ್ಳಲಿ ಅಂತ ಬಿಟ್ಟರೆ ತಲೆ ಕಾಗದವನ್ನು ಹರಿದುಕೊಂಡು ಹೋಗುತ್ತದೆ, ಬೋರ್ಡ್ ಅಲ್ಲೇ ಇರುತ್ತದೆ. ನಡುವಿನಿಂದ ಶುರು ಮಾಡಿ ಅಂಚಿನ ಕಡೆ ಹೋಗಿ. ನಾಲ್ಕು ಮೂಲೆ ಮೊದಲು ಹೊಡೆದರೆ ನಡುವೆ ಬೋರ್ಡ್ ಉಬ್ಬಿಕೊಳ್ಳುತ್ತದೆ.

ಸ್ಕ್ರೂ ನೇರವಾಗಿ ಹೋಗಬೇಕು. ಓರೆಯಾದರೆ ತಲೆಯ ಒಂದು ಅಂಚು ಕಾಗದವನ್ನು ಕೊಯ್ಯುತ್ತದೆ. ತಲೆ ಬೋರ್ಡಿನ ಮೇಲ್ಮೈಗಿಂತ ಕೂದಲೆಳೆಯಷ್ಟು ಒಳಗಿರಬೇಕು, ಸುತ್ತಲಿನ ಕಾಗದ ಒಳಕ್ಕೆ ಬಾಗಿರಬೇಕು, ಎಲ್ಲೂ ಬಿಳಿ ಪುಡಿ ಕಾಣಬಾರದು. ಪುಟ್ಟಿ ಎಳೆಯುವ ಪಟ್ಟಿಯನ್ನು ಮೇಲೆ ಹಾಯಿಸಿ ನೋಡಿ. ಟಕ್ ಅಂತ ತಾಗಿದರೆ ಇನ್ನು ಕಾಲು ಸುತ್ತು ತಿರುಗಿಸಿ. ಪುಡಿ ಕಂಡರೆ ಕಾಗದ ಹರಿದಿದೆ ಅಂತ ಅರ್ಥ. ಆ ಸ್ಕ್ರೂ ತೆಗೆದು, ಸುಮಾರು 50 ಮಿ.ಮೀ. ಪಕ್ಕದಲ್ಲಿ ಹೊಸದು ಹಾಕಿ. ಅದೇ ತೂತಿಗೆ ಮತ್ತೆ ಹಾಕುವುದರಿಂದ ಏನೂ ಪ್ರಯೋಜನ ಇಲ್ಲ. ಡ್ರಿಲ್ಲಿನ ಕ್ಲಚ್ಚನ್ನು ಕಡಿಮೆ ನಂಬರಿನಿಂದ ಶುರು ಮಾಡಿ, ಒಂದು ಬೇಡದ ತುಂಡಿನ ಮೇಲೆ ಸರಿಯಾದ ಆಳ ಸಿಗುವವರೆಗೆ ಏರಿಸುತ್ತಾ ಹೋಗಿ.

ಪಾರ್ಟಿಶನ್ನಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಸ್ಟಡ್ ಒಂದು ಬದಿ ತೆರೆದ ಡಬ್ಬಿಯ ಆಕಾರದಲ್ಲಿರುತ್ತದೆ. ಎರಡು ಬೋರ್ಡುಗಳ ಅಂಚು ಒಂದೇ ಸ್ಟಡ್ಡಿನ ಮೇಲೆ ಸೇರುವಾಗ, ಮೊದಲ ಬೋರ್ಡಿನ ಅಂಚು ತೆರೆದ ಬದಿಯ ಅರ್ಧಕ್ಕೆ ಬರಬೇಕು. ಆಗ ಆ ತಗಡು ಬೋರ್ಡಿಗೆ ಅಂಟಿ ಗಟ್ಟಿಯಾಗುತ್ತದೆ. ಉಲ್ಟಾ ಮಾಡಿದರೆ ಎರಡನೆಯ ಬೋರ್ಡಿಗೆ ಸ್ಕ್ರೂ ಒತ್ತಿದಾಗ ತಗಡು ಹಿಂದಕ್ಕೆ ಬಾಗಿ, ಎರಡು ಬೋರ್ಡುಗಳ ನಡುವೆ ಮೆಟ್ಟಿಲಿನಂಥ ಏರುಪೇರು ಉಳಿಯುತ್ತದೆ. ಹಾಗಾಗಿ ಎಲ್ಲಾ ಸ್ಟಡ್‌ಗಳ ಬಾಯಿ ಒಂದೇ ದಿಕ್ಕಿಗೆ ಇರಲಿ, ಬಾಯಿ ಯಾವ ಕಡೆಗೆ ತೆರೆದಿದೆಯೋ ಆ ಕಡೆಯ ತುದಿಯಿಂದ ಬೋರ್ಡ್ ಹಾಕುತ್ತಾ ಬನ್ನಿ. ಕೆಳಗೆ ನೆಲದಿಂದ 10 ಮಿ.ಮೀ. ಬಿಡಿ. ಇಲ್ಲದಿದ್ದರೆ ನೆಲ ಒರೆಸಿದ ನೀರನ್ನು ಬೋರ್ಡ್ ಹೀರಿಕೊಳ್ಳುತ್ತದೆ. ಆ ಸಂದನ್ನು ಸ್ಕರ್ಟಿಂಗ್ ಮುಚ್ಚುತ್ತದೆ.

ಹಂತ 8: ಮುಂದೆ ಭಾರ ಹಾಕುವುದಿದ್ದರೆ ಈಗಲೇ ಯೋಚಿಸಿ

ಫ್ಯಾನ್ ಯಾವತ್ತೂ ಸ್ಲ್ಯಾಬಿನ ಹುಕ್ಕಿಗೇ ತೂಗಬೇಕು, ಬೋರ್ಡಿಗೂ ಚಾನೆಲ್‌ಗೂ ಅಲ್ಲ. ಟಿವಿ, ಗೀಸರ್, ಅಡುಗೆಮನೆಯ ಕಪಾಟು ಬರುವ ಜಾಗದಲ್ಲಿ ಬೋರ್ಡ್ ಮುಚ್ಚುವ ಮೊದಲು ಸ್ಟಡ್ಡುಗಳ ನಡುವೆ 18 ಮಿ.ಮೀ. ಪ್ಲೈವುಡ್ ಕೂರಿಸಿ. ಗೀಸರ್ ಆದರೆ ಸಾಧ್ಯವಾದಷ್ಟು ಇಟ್ಟಿಗೆ ಗೋಡೆಗೇ ಹಾಕಿಸಿ. ಚಿಕ್ಕ ಫೋಟೋ, ಗಡಿಯಾರಕ್ಕೆ ಟಾಗಲ್ ಬೋಲ್ಟ್ ಸಾಕು. ಬೋರ್ಡಿನ ಹಿಂದೆ ಹೋಗಿ ರೆಕ್ಕೆ ಬಿಚ್ಚಿಕೊಂಡು ಹಿಡಿಯುವ ಬೋಲ್ಟ್ ಅದು. ಕಪಾಟು, ಬಾಗಿಲಿನ ಹಿಂಜ್‌ಗೆ ಮಿಕ್ಕ ಡ್ರೈವಾಲ್ ಸ್ಕ್ರೂ ಬಳಸಬೇಡಿ. ಅದು ಹದ ಮಾಡಿದ ಗಡಸು ಉಕ್ಕು, ಪಕ್ಕದಿಂದ ಭಾರ ಬಿದ್ದರೆ ಬಾಗದೆ ನೇರ ಮುರಿಯುತ್ತದೆ.

ಬೋರ್ಡ್ ಮುಚ್ಚುವ ಮೊದಲು ಪ್ರತಿ ಗೋಡೆಗೂ ಅಳತೆ ಟೇಪ್ ಚಾಚಿ ಹಿಡಿದು ಫೋಟೋ ತೆಗೆದಿಡಿ. ಸ್ಟಡ್, ಪೈಪ್, ಪ್ಲೈವುಡ್ ಎಲ್ಲಿದೆ ಅಂತ ಫೋಟೋದಲ್ಲಿ ಕಾಣಬೇಕು. ಒಂದು ಪ್ರಿಂಟ್ ತೆಗೆದು ಮನೆಯ ಕಾಗದಪತ್ರಗಳ ಜೊತೆ ಇಡಿ. ಮುಂದೆ ಡ್ರಿಲ್ ಹಿಡಿದು ಬರುವವರಿಗೆ ಮೊದಲು ಅದನ್ನು ತೋರಿಸಿ.